ಇಲ್ಲದ ಗುಡ್ಡ ಹತ್ತಿದ ಜಿಪಿಎಸ್

ದೆವ್ವ, ಗಾಳಿ, ಮೈಮೇಲೆ ಬರುವುದು ಎಲ್ಲ ಕೆಲಸವಿಲ್ಲದವರ ಪುರಾಣ ಎಂದು ವಾದ ಮಾಡುವವರಲ್ಲಿ ನಾನೇ ಮೊದಲಿಗ. ಹೊಸಪೇಟೆಯಲ್ಲಿ ನನ್ನದು ಮೋಟಾರು ವೈಂಡಿಂಗ್ ಅಂಗಡಿ. ತಂತಿ ಸುಟ್ಟರೆ ಮೋಟಾರು ನಿಲ್ಲುತ್ತದೆ, ಹೊಸದಾಗಿ ಸುತ್ತಿದರೆ ತಿರುಗುತ್ತದೆ. ಲೋಕವೂ ಅಷ್ಟೇ ಎಂದುಕೊಂಡಿದ್ದೆ. ಈಗಲೂ ದೆವ್ವವನ್ನು ನಂಬುತ್ತೇನೆ ಎನ್ನಲಾರೆ. ಆದರೆ ಆ ಒಂದು ಬೆಳಗು ಮಾತ್ರ ನನ್ನ ಲೆಕ್ಕಕ್ಕೆ ಸಿಗುತ್ತಿಲ್ಲ. ಓದಿ ನಿಮಗೇನಾದರೂ ಹೊಳೆದರೆ ತಿಳಿಸಿ, ಪುಣ್ಯ ಕಟ್ಟಿಕೊಳ್ಳಿ.

ಆಗ ಗಣಿಯ ಕಾಲ. ಊರ ತುಂಬ ಹೊಸ ಕಾರುಗಳು. ನನಗೆ ಮಾತ್ರ ಸೈಕಲ್ಲಿನ ಹುಚ್ಚು. ಭಾನುವಾರ ಬೆಳಿಗ್ಗೆ ಗೆಳೆಯ ಮಲ್ಲಿಕಾರ್ಜುನನ ಜೊತೆ ಹಂಪಿಗೋ ಕಂಪ್ಲಿಗೋ ಹೊಡೆದುಬಿಡುತ್ತಿದ್ದೆ. ಎಷ್ಟು ದೂರ ತುಳಿದೆ, ಎಷ್ಟು ಏರಿದೆ ಎಂದು ತೋರಿಸುವ ಒಂದು ಯಂತ್ರ ಬೇಕೆನಿಸಿತು. ಚಕ್ರಕ್ಕೆ ಅಯಸ್ಕಾಂತ ಸಿಕ್ಕಿಸುವ ಮೀಟರು ಅಗ್ಗ, ಆದರೆ ಅದಕ್ಕೆ ಏರು ತಿಳಿಯದು, ದಾರಿಯೂ ತಿಳಿಯದು. ಸೈಕಲ್ಲಿಗೆಂದೇ ಮಾಡಿದ ವಿದೇಶಿ ಜಿಪಿಎಸ್ ನನ್ನ ಸೈಕಲ್ಲಿಗಿಂತ ತುಟ್ಟಿ. ತಿಂಗಳುಗಟ್ಟಲೆ ಇದೇ ಚರ್ಚೆ. ಕೊನೆಗೆ ಸಂಡೂರಿನಲ್ಲಿ ಗಣಿ ಕೆಲಸ ಬಿಟ್ಟು ಹೊರಟಿದ್ದ ಒಬ್ಬ ಸರ್ವೇಯರು ತನ್ನ ಹಳೆಯ ಕೈ ಜಿಪಿಎಸ್ ಮಾರುತ್ತಾನೆಂದು ಗೊತ್ತಾಯಿತು. ನಕ್ಷೆಯಿಲ್ಲ, ಬಣ್ಣವಿಲ್ಲ. ಆದರೆ ಬಿಸಿಲಲ್ಲಿ ಪರದೆ ಚೆನ್ನಾಗಿ ಕಾಣುತ್ತಿತ್ತು, ಯಾವ ಅಂಗಡಿಯಲ್ಲೂ ಸಿಗುವ ಪೆನ್ಸಿಲ್ ಸೆಲ್ಲು ಸಾಕು, ಕೆಂಪು ಧೂಳು ಒಳಗೆ ಹೋಗದಂತೆ ಗುಂಡಿಗಳಿಗೆ ರಬ್ಬರಿನ ಹೊದಿಕೆ. ನಮ್ಮಂಥವರಿಗೆ ಇದೇ ಸರಿ ಎಂದು ಕೊಂಡೆ.

"ಅಗ್ಗ ಅಂತ ಮುಗ್ಗಲ ಜೋಳ ತಂದಿ ನೋಡಲೇ," ಎಂದು ಮಲ್ಲಿಕಾರ್ಜುನ ನಕ್ಕ. ನಾನು ಅದರಲ್ಲಿದ್ದ ಹಳೆಯ ದಾರಿಗಳನ್ನೆಲ್ಲ ಅಳಿಸಿ, ಹಳೆ ಟ್ಯೂಬಿನ ಪಟ್ಟಿ ಸುತ್ತಿ ಹ್ಯಾಂಡಲಿಗೆ ಬಿಗಿದೆ. ಅಳಿಸಿದ್ದು ನೆನಪಿರಲಿ, ಎಲ್ಲರೂ ಮೊದಲು ಕೇಳುವುದು ಅದನ್ನೇ.

ಇನ್ನು ನಮ್ಮವ್ವನ ಮಾತು. ಅವಳ ತವರು ಯಶವಂತನಗರದ ಕಡೆಯ ಒಂದು ಹಳ್ಳಿ. ಅಲ್ಲಿನ ಗುಡ್ಡದ ನೆತ್ತಿಯ ಮೇಲೊಂದು ಚಪ್ಪಟೆ ಬಂಡೆ, ಅಲ್ಲಿಗೆ ಹತ್ತಲು ಒಂದು ಕಾಲುದಾರಿ. ಅದೇ ಅವರಿಗೆ ಗುಡ್ಡದಯ್ಯ. ಹೊಸ ಭತ್ತ ಬಂದಾಗ ಮೊದಲ ಹಿಡಿ ಅಕ್ಕಿ ಆ ಬಂಡೆಯ ಮೇಲಿಡಬೇಕು, ಆಮೇಲೆ ಮನೆಯಲ್ಲಿ ಹೊಸ ಅನ್ನ. ಮದುವೆಯಾಗಿ ನಮ್ಮೂರು ಮೆಟ್ರಿಗೆ ಬಂದ ಮೇಲೂ ಅವ್ವ ಇದನ್ನು ಬಿಡಲಿಲ್ಲ. ಮಂಡಿ ನೋವು ಹಿಡಿದ ಮೇಲೆ ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು. ಅಷ್ಟರಲ್ಲಿ ಗುಡ್ಡಕ್ಕೆ ಗಣಿ ಬಿತ್ತು. ಗುಡ್ಡ ಹೋಗಿ ಗುಂಡಿಯಾಯಿತು. ಬದಲಿಗೆ ಗಣಿಯವರು ರಸ್ತೆಯ ಬದಿಯಲ್ಲಿ ಟೈಲ್ಸ್ ಹಾಕಿದ ಪುಟ್ಟ ಗುಡಿ ಕಟ್ಟಿಕೊಟ್ಟರು. ಅವ್ವ ಒಪ್ಪಲಿಲ್ಲ. "ಅಷ್ಟು ದೊಡ್ಡ ಗುಡ್ಡ ಹೆಂಗ ಪೂರಾ ಹೋಗತೈತಿ? ಚೂರರ ಉಳಿದಿರತೈತಿ," ಎನ್ನುತ್ತಿದ್ದಳು. ನಮ್ಮ ಗದ್ದೆಯ ಅಕ್ಕಿ ಮನೆಗೆ ಬಂದರೂ ಅವಳು ಮುಟ್ಟುತ್ತಿರಲಿಲ್ಲ. ರೊಟ್ಟಿ ತಿಂದು ಇದ್ದುಬಿಡುತ್ತಿದ್ದಳು. ಹಲ್ಲಿಲ್ಲದ ಬಾಯಿ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗುತ್ತಿದ್ದಳು.

ಆ ಚಳಿಗಾಲದಲ್ಲಿ ಹಿಡಿ ಅಕ್ಕಿಯ ಗಂಟು ಕಟ್ಟಿ, ಗುಡ್ಡದಯ್ಯನಿಗೆ ಇಟ್ಟು ಬಾ ಎಂದು ನನ್ನ ಕೈಗೇ ಕೊಟ್ಟಳು. ಒಂದು ಬೆಳಿಗ್ಗೆ ಸೈಕಲ್ಲೇರಿ ಹೊರಟೆ. ಲಾರಿಯವರ ಮುಷ್ಕರ ನಡೆದಿತ್ತು, ಗಣಿ ಬಿಕೋ ಎನ್ನುತ್ತಿತ್ತು. ಕಾವಲುಗಾರ ಅವ್ವನ ತವರೂರಿನವನೇ. "ಹೋಗ್ರಿ, ಜಲ್ದಿ ಬರ್ರಿ," ಎಂದು ಬಿಟ್ಟ. ಮಂಜು ದಟ್ಟವಾಗಿತ್ತು. ಲಾರಿಗಳ ಅಗಲ ರಸ್ತೆಯಲ್ಲಿ ಸೈಕಲ್ಲು ತುಳಿಯದೆಯೇ ಕೆಳಗಿಳಿಯುತ್ತಿತ್ತು. ಪರದೆ ನೋಡಿದೆ. ಎತ್ತರದ ಅಂಕಿ ಏರುತ್ತಿತ್ತು. ಮುಗ್ಗಲ ಜೋಳವೇ ಸರಿ ಎಂದು ಬೈದುಕೊಂಡೆ. ಆದರೆ ಕಾಲು ಸೋತು ಬಂತು, ಉಸಿರು ಕಟ್ಟಿತು. ಇಳಿಜಾರಿನಲ್ಲಿ ಎರಡು ಸಲ ಸೈಕಲ್ಲಿಳಿದು ನಿಂತೆ ಎಂದರೆ ನಂಬುತ್ತೀರಾ? ತಳ ಮುಟ್ಟಿದಾಗ ಸುತ್ತಲೂ ಕೆಂಪು ಗೋಡೆ. ಅಕ್ಕಿ ಎಲ್ಲಿಡಲಿ? ಯಾವ ಕಲ್ಲೂ ದೇವರಂತೆ ಕಾಣಲಿಲ್ಲ. ಗಂಟನ್ನು ಹಾಗೇ ವಾಪಸು ತಂದೆ.

ಮನೆಗೆ ಬಂದು ಆ ದಿನದ ದಾರಿಯನ್ನು ಪರದೆಯ ಮೇಲೆ ತೆಗೆದೆ. ಲಾರಿ ರಸ್ತೆಯ ದೊಡ್ಡ ತಿರುವುಗಳು ಇರಲೇ ಇಲ್ಲ. ಎಳೆಯಂಥ ಒಂದು ಗೆರೆ ಅಂಕುಡೊಂಕಾಗಿ ಹೋಗಿತ್ತು. ಅವ್ವ ಪಕ್ಕದಲ್ಲಿ ಕುಳಿತು, "ಏನದು?" ಎಂದಳು. ನಾನು ಹೋದ ದಾರಿ ಎಂದೆ. ಪುಟ್ಟ ಪರದೆ, ಒಮ್ಮೆಗೆ ಒಂದಿಷ್ಟೇ ಗೆರೆ ಕಾಣುತ್ತದೆ, ಗುಂಡಿ ಒತ್ತಿ ಮುಂದಕ್ಕೆ ಸರಿಸಬೇಕು. ನಾನು ಸರಿಸುವ ಮೊದಲೇ ಅವ್ವ, "ಈಗ ಬಲಕ್ಕ ಹೊಳ್ಳತೈತಿ," ಎಂದಳು. ಸರಿಸಿದೆ, ಬಲಕ್ಕೆ ಹೊರಳಿತ್ತು. "ಮುಂದ ಎಡಕ್ಕ, ಅಲ್ಲಿ ಕಮರಿ ಐತಿ." ಎಡಕ್ಕೇ ಇತ್ತು. ಒಂದೂ ತಪ್ಪಲಿಲ್ಲ.

"ಗುಡ್ಡ ಐತಿ! ಹತ್ತಿ ಬಂದು ಇಲ್ಲ ಅಂತೀಯಲ್ಲೋ, ಭಾಡ್ಯಾ!" ಎಂದು ಅವ್ವ ಬೈದಳು. ಬೈಯುತ್ತಲೇ ನಗುತ್ತಿದ್ದಳು. ಅವಳು ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ತಾನೂ ಹೋಗಿ ನೋಡಬೇಕೆಂದು ಹಟ ಹಿಡಿದಳು, ನಾನು ಎಷ್ಟು ಬೇಡವೆಂದರೂ ಕೇಳಲಿಲ್ಲ. ಮರುದಿನ ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆ.

ಮಂಜಿರಲಿಲ್ಲ. ಗುಂಡಿಯ ಅಂಚಿನಲ್ಲಿ ನನ್ನ ತೋಳು ಹಿಡಿದು ನಿಂತಳು. ಕೆಳಗೆ ನೋಡಿದಳು, ಎದುರಿಗೆ ನೋಡಿದಳು. ಕೊನೆಗೆ ತಲೆಯೆತ್ತಿ ಆಕಾಶದಲ್ಲಿ ಒಂದು ಕಡೆ ನೋಡುತ್ತ ನಿಂತುಬಿಟ್ಟಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಗುಂಡಿಯ ಗೋಡೆಗೆ ಸಿಗ್ನಲ್ಲು ಬಡಿದು ಗೆರೆ ಕೆಟ್ಟಿರಬೇಕು ಎಂದು ಆ ಸರ್ವೇಯರು ಫೋನಿನಲ್ಲಿ ಹೇಳಿದ. ಕೆಟ್ಟ ಗೆರೆಗೆ ನಮ್ಮವ್ವನ ಕಾಲುದಾರಿ ಹೇಗೆ ಗೊತ್ತು? ಮತ್ತೊಂದು ಸಲ ಹೋಗಿ ನೋಡಿದೆ, ಪರದೆಯ ಮೇಲೆ ಲಾರಿ ರಸ್ತೆಯೇ ಬಂತು. ಅದು ಏನೇ ಇರಲಿ, ನನಗೆ ಅದರ ಮೇಲೆ ಸಿಟ್ಟಿದೆ. ಒಂದು ರಾತ್ರಿಯ ಮಟ್ಟಿಗೆ ಅವಳಿಗೆ ಗುಡ್ಡ ತೋರಿಸಿ ಕಿತ್ತುಕೊಳ್ಳುವುದಾದರೆ ತೋರಿಸಿದ್ದಾದರೂ ಯಾಕೆ?

ಗಣಿಯಿಂದ ಬಂದ ಅವ್ವ ಕೈಕಾಲು ತೊಳೆದು ಸೀದಾ ಅಡುಗೆಮನೆಗೆ ಹೋದಳು. ಆ ಗಂಟು ಬಿಚ್ಚಿ ಹಿಡಿ ಅಕ್ಕಿಯನ್ನು ಒಲೆಯ ಮೇಲಿನ ಎಸರಿಗೆ ಸುರಿದಳು. ಎರಡು ತಟ್ಟೆ ಹಾಕಿ ನನ್ನನ್ನು ಕರೆದಳು.

"ಉಣ್ಣು ಬಾ. ಇನ್ನ ಯಾರಿಗೂ ಕಾಯೋದು ಬ್ಯಾಡ."

ನನಗಿಂತ ಮೊದಲು ಅವಳೇ ತುತ್ತೆತ್ತಿ ಬಾಯಿಗಿಟ್ಟುಕೊಂಡಳು.