ಕತ್ತರಿ ಹಿಡಿಯದ ಕಲ್ಲಣ್ಣ

ನಾನು ಕಾವೇರಿ. ಬೆಟಗೇರಿಯ ನೇಕಾರರ ಓಣಿಯಲ್ಲಿ ಜಂಪರ್ ಹೊಲಿಯುತ್ತೇನೆ. ನನ್ನ ಹತ್ತಿರ ಹೊಲಿಗೆ ಕಲಿತ ಹುಡುಗಿಯರು ಮುಂಡರಗಿಗೆ, ಶಿರಹಟ್ಟಿಗೆ ಲಗ್ನವಾಗಿ ಹೋಗಿ ಅಲ್ಲಿ ತಮ್ಮದೇ ಅಂಗಡಿ ಇಟ್ಟುಕೊಂಡಿದ್ದಾರೆ. ನನ್ನ ಮಾನ ಕಳೆದ ಶಿಷ್ಯ ಒಬ್ಬನೇ. ಅವನ ಮೀಸೆ ಪೂರಾ ಬೆಳ್ಳಗಾಗಿದೆ, ನನಗೆ ಅಪ್ಪನ ವಯಸ್ಸು, ಮನೆ ನಮ್ಮ ಗೋಡೆಗೆ ಗೋಡೆ. ಹೆಸರು ಕಲ್ಲಣ್ಣ. ನಾನು ಕಾಕಾ ಅನ್ನುತ್ತೇನೆ.

ಕಾಕಾ ನೇಕಾರ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಜೀವಮಾನವಿಡೀ ಸೀರೆ ನೇಯ್ದವನು. ಮೊಣಕಾಲು ಕೈಕೊಟ್ಟ ಮೇಲೆ ಮಗ್ಗ ನಿಲ್ಲಿಸಿದ. ಸುಮ್ಮನೆ ಕೂತರೆ ಹೆಂಡತಿ ಬನಶಂಕರೆವ್ವ, ಅಂದರೆ ನನ್ನ ಕಾಕು, ಬೆಳ್ಳುಳ್ಳಿ ಸುಲಿಯಲು ಹಚ್ಚುತ್ತಾಳೆ ಎಂಬ ಭಯಕ್ಕೆ, ಮೋಟರು ಕೂಡಿಸಿದ ನನ್ನ ಹಳೆ ಮಷಿನ್ ಕೇಳಿ ಒಯ್ದ. ಮನೆಗೆ ಬೇಕಾದದ್ದನ್ನೆಲ್ಲ ಇನ್ನು ತಾನೇ ಹೊಲಿಯುತ್ತೇನೆ ಅಂದ. ಕಲಿಸುವುದು ನನ್ನ ಪಾಲಿಗೆ ಬಂತು.

ಅವನ ಕೈ ಚುರುಕು ಅನ್ನುವುದರಲ್ಲಿ ಎರಡು ಮಾತಿಲ್ಲ. ಗೆರೆ ಎಳೆಯದೆ ನೇರ ಹೊಲಿಗೆ ಹಾಕುತ್ತಿದ್ದ. ತೊಂದರೆ ಏನೆಂದರೆ, ಬಟ್ಟೆಗೆ ಕತ್ತರಿ ಹಚ್ಚುತ್ತಿರಲಿಲ್ಲ. ಮಗ್ಗದ ಮೇಲೆ ಒಂದು ಸೀರೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದಿಷ್ಟು ನೇಯದೆ ಬಿಡುತ್ತಾರೆ. ಅಲ್ಲಿ ಬರೀ ಉದ್ದದ ಎಳೆ ಇರುತ್ತವೆ, ಅಡ್ಡ ಎಳೆ ಇರುವುದಿಲ್ಲ. ಕೊಯ್ಯುವುದಾದರೆ ಅಲ್ಲಿ ಕೊಯ್ಯಬೇಕು, ನೇಯ್ದ ಅರಿವೆಗೆ ಕತ್ತರಿ ತಾಗಿಸಬಾರದು ಎಂದು ಅವನ ಅಪ್ಪ ಕಲಿಸಿದ್ದನಂತೆ. ಅಪ್ಪ ಹೋಗಿ ಎಷ್ಟೋ ಕಾಲವಾಗಿದೆ, ಮಾತು ಮಾತ್ರ ಮನೆಯಲ್ಲೇ ಉಳಿದಿತ್ತು.

"ಕಾಕಾ, ಕತ್ತರಸದ ಹೊಲಿಗಿ ಹೆಂಗ ಆಗತೈತ್ರಿ?" ಅಂತ ನಾನು ಕೇಳಿದರೆ, "ಮಡಚಿದ್ರ ಆತಲ್ಲ" ಅನ್ನುತ್ತಿದ್ದ.

ಹಾಗೆ ಮಡಚಿಯೇ ಹೊಲಿದ. ಮೊದಲು ತಲೆದಿಂಬಿನ ಚೀಲ. ಹೆಚ್ಚಿಗೆ ಉಳಿದ ಬಟ್ಟೆಯನ್ನೆಲ್ಲ ಒಳಗೆ ಮಡಚಿ ಹೊಲಿದದ್ದಕ್ಕೆ ದಿಂಬು ಎಷ್ಟು ಎತ್ತರವಾಯಿತೆಂದರೆ, ಕಾಕು ಅದರ ಮೇಲೆ ಮಲಗಿ ಎದ್ದವಳು ಒಂದು ವಾರ ಓಣಿಯವರನ್ನೆಲ್ಲ ಓರೆಯಾಗಿ ನೋಡಿಕೊಂಡು ಓಡಾಡಿದಳು. ಆಮೇಲೆ ಅಕ್ಕಿ ಚೀಲದ ಬಟ್ಟೆಯಲ್ಲಿ ಸಂತೆಗೆ ಒಯ್ಯುವ ಕೈಚೀಲ ಹೊಲಿದ. ಹಿಡಿಕೆಗೆ ಪದರದ ಮೇಲೆ ಪದರ ಹಾಕಿದ್ದ, ಅದನ್ನು ಹಿಡಿದು ಎಮ್ಮೆಯನ್ನೇ ಎಳೆದು ತರಬಹುದಿತ್ತು. ಖಾಲಿ ಚೀಲ ಒಯ್ದರೂ ತೋಳು ನೋಯುತ್ತಿತ್ತು. ರೊಟ್ಟಿ ಬುಟ್ಟಿಗೆ ಮುಚ್ಚುವ ಬಟ್ಟೆ ಹೊಲಿದ. ಅದರ ಭಾರಕ್ಕೆ ಕಟಕ ರೊಟ್ಟಿಗಳೆಲ್ಲ ಪುಡಿಯಾದವು, ಕಾಕು ಅವನ್ನು ಒಗ್ಗರಣೆ ಹಾಕಿ ಅವನಿಗೇ ತಿನ್ನಿಸಿದಳು.

ಎಲ್ಲಕ್ಕಿಂತ ದೊಡ್ಡ ಕಥೆ ಬಾಗಿಲ ಪರದೆಯದು. ಬಟ್ಟೆ ಬಾಗಿಲಿಗಿಂತ ಉದ್ದವಿತ್ತು. ಕಾಕಾ ಉಳಿದದ್ದನ್ನು ಕೆಳಗೆ ಮಡಚಿ, ಬದಿ ತೆರೆದಿಟ್ಟು ಹೊಲಿದ. ಎಂಥ ಗಾಳಿ ಬಂದರೂ ಆ ಪರದೆ ಅಲುಗಲಿಲ್ಲ. ಆದರೆ ಒಂದು ದಿನ ಅದು ಮಿಯಾಂ ಅಂದಿತು. ನೋಡಿದರೆ ಓಣಿಯ ಬೆಕ್ಕು ಆ ಮಡಿಕೆಯೊಳಗೆ ಮರಿ ಹಾಕಿ ಬಾಣಂತಿಯಾಗಿ ಮಲಗಿತ್ತು. ಮರಿಗಳು ಕಣ್ಣು ಬಿಡುವವರೆಗೆ ಪರದೆ ಸರಿಸಬಾರದು ಎಂದು ಕಾಕಾ ಕಟ್ಟಪ್ಪಣೆ ಮಾಡಿದ. ಮನೆಗೆ ಬಂದವರೆಲ್ಲ ಹಿತ್ತಿಲ ಬಾಗಿಲಿನಿಂದ ಬಂದರು. ನಕ್ಕು ನಕ್ಕು ನನ್ನ ಪಕ್ಕೆ ಹಿಡಿದುಕೊಂಡಿತು, ಹೊಟ್ಟೆಯಲ್ಲಿ ಸಿಟ್ಟೂ ಇತ್ತು. ಇವನು ಕಾವೇರಿಯ ಶಿಷ್ಯ ಎಂದು ಊರವರು ಹೇಳಿಕೊಂಡು ತಿರುಗುತ್ತಿದ್ದರಲ್ಲ.

ಆ ಬೆಕ್ಕಿನ ಹಿಂದೆಯೇ ಕಾಕಾನ ಮಗಳು ಪ್ರಿಯಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದು ಹೆಣ್ಣು ಹೆತ್ತಳು. ಅವಳನ್ನು ಕೊಟ್ಟದ್ದು ಡೋಣಿಗೆ. ಕಪ್ಪತಗುಡ್ಡದ ಗಾಳಿ ಬಿಡುವಿಲ್ಲದೆ ಬೀಸುವ ಊರು. ಅಲ್ಲಿಗೆ ಕೂಸನ್ನು ಒಯ್ಯುವಾಗ ತಲೆ, ಕಿವಿ, ಬೆನ್ನು ಮುಚ್ಚುವ ಕುಂಚಿಗೆ ಬೇಕೇ ಬೇಕು. ತವರಿನ ಕುಂಚಿಗೆಯನ್ನು ಹೆಸರಿಡುವ ದಿನ ಕೂಸಿನ ತಲೆಗೆ ಹಾಕಿಯೇ ತೊಟ್ಟಿಲಿಗೆ ಇಡುವುದು ನಮ್ಮಲ್ಲಿನ ಪದ್ಧತಿ.

"ಯಪ್ಪಾ, ನನಗ ಬ್ಯಾರೆ ಏನೂ ಬ್ಯಾಡ. ನೀ ಕಡೀಗೆ ನೇಯ್ದ ಅರಿವಿ ಐತೆಲ್ಲ, ಅದರಾಗ ನನ್ನ ಕೂಸಿಗೆ ಒಂದು ಕುಂಚಗಿ ಹೊಲದು ಕೊಡು" ಎಂದು ಪ್ರಿಯಾ ಕೇಳಿದಳು.

ಕಾಕಾನ ಮುಖ ಒಮ್ಮೆ ಅರಳಿ, ಮರುಗಳಿಗೆ ಬಾಡಿತು. ಆ ಬಟ್ಟೆ ನಾನು ನೋಡಿದ್ದೆ. ಮಗ್ಗ ನಿಲ್ಲಿಸುವ ಮುನ್ನ ಅದರ ಮೇಲೆ ಉಳಿದಿದ್ದ ಉದ್ದದ ಎಳೆಗಳಿಗೆ ನೇಯ್ದ ತುಂಡು. ಗಿಳಿ ಹಸಿರು, ಕೆಂಪು ಅಂಚು. ಟ್ರಂಕಿನ ತಳದಲ್ಲಿ ಬೇವಿನೆಲೆ ಹಾಕಿ ಇಟ್ಟಿದ್ದ, ಹಬ್ಬಕ್ಕೊಮ್ಮೆ ತೆಗೆದು ನೋಡಿ ಮತ್ತೆ ಇಡುತ್ತಿದ್ದ. ಕುಂಚಿಗೆಗೆ ತಲೆಯ ಭಾಗ ಬೇರೆ, ಬೆನ್ನಿನ ಭಾಗ ಬೇರೆ. ಕತ್ತರಿಸದೆ ಅದು ಆಗುವುದಿಲ್ಲ. ಪರದೆ, ದಿಂಬು ಹಾಳಾದರೆ ನಗಬಹುದು. ಇದು ಮಗಳು ಬಾಯಿಬಿಟ್ಟು ಕೇಳಿದ್ದು.

ಹೆಸರಿಡುವ ದಿನ ಹತ್ತಿರ ಬಂದರೂ ಬಟ್ಟೆ ಇದ್ದ ಹಾಗೇ ಇತ್ತು. ಕಾಕಾ ಅದನ್ನು ಕಟ್ಟೆಯ ಮೇಲೆ ಹಾಸುತ್ತಿದ್ದ, ಸವರುತ್ತಿದ್ದ, ಮಡಚಿ ಒಳಗೆ ಒಯ್ಯುತ್ತಿದ್ದ. ಅತ್ತ ಬೀಗತಿ ಹನಮಂತವ್ವ ಫೋನಿನಲ್ಲಿ, "ಕುಂಚಗಿ ಆಗಲಿಲ್ಲಂದ್ರ ಚಿಂತಿ ಮಾಡಬ್ಯಾಡ್ರಿ, ನಾ ಅಂಗಡ್ಯಾಗಿನ ಟೊಪಗಿ ತಂದೇನಿ, ಮೊಲದ ಕಿವಿ ಅದಾವ ಅದಕ್ಕ" ಎಂದು ಹೇಳಿ ಉರಿಯುವ ಒಲೆಗೆ ಎಣ್ಣೆ ಹಾಕಿದಳು.

"ನಮ್ಮ ಮೊಮ್ಮಗಳು ಮೊಲ ಏನು?" ಎಂದು ಕಾಕು ಗಂಡನ ಮೇಲೆ ಹರಿಹಾಯ್ದಳು.

ನಾನು ಕತ್ತರಿ ತೆಗೆದುಕೊಂಡು ಹೋದೆ. "ಕಾಕಾ, ನಿಮ್ಮ ಕೈಲೆ ಆಗಲಿಲ್ಲಂದ್ರ ನಾ ಕತ್ತರಸತೇನಿ. ನೀವು ಅತ್ತಾಗ ಮಾರಿ ಮಾಡ್ರಿ."

"ಬ್ಯಾಡ ಕಾವೇರಿ. ನಾ ನೋಡಲಿಲ್ಲಂದ್ರೂ ಅದಕ್ಕ ನೋವು ಆಗತೈತಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಮುಂದೆ ಯಾರು ಏನು ಹೇಳಬೇಕು. ನಾನು ಸಿಟ್ಟಿನಲ್ಲಿ ಎದ್ದು ಬರುವಷ್ಟರಲ್ಲಿ ಕಾಕಾ ಸೂಜಿ ತೆಗೆದುಕೊಂಡ. ಬಟ್ಟೆ ಎಲ್ಲಿ ಬೇರೆಯಾಗಬೇಕೋ ಅಲ್ಲಿ ಅಡ್ಡ ಎಳೆಯೊಂದನ್ನು ಸೂಜಿಯ ತುದಿಯಿಂದ ಎತ್ತಿ, ಮೆಲ್ಲಗೆ ಜಗ್ಗಿ, ಈ ಅಂಚಿನಿಂದ ಆ ಅಂಚಿನವರೆಗೆ ಹೊರಗೆ ತೆಗೆದ. ಅದರ ಪಕ್ಕದ್ದನ್ನೂ ತೆಗೆದ. ಆಗ ನನಗೆ ತಿಳಿಯಿತು. ಒಂದು ಬೆರಳಿನಗಲ ಅಡ್ಡ ಎಳೆಗಳನ್ನೆಲ್ಲ ಬಿಚ್ಚಿ, ಅಲ್ಲಿ ನೇಯ್ಗೆಯೇ ಇರದಂತೆ ಮಾಡಿ, ಬರೀ ಉದ್ದದ ಎಳೆ ಉಳಿದ ಮೇಲೆ ಕೊಯ್ಯುವ ಹಂಚಿಕೆ ಅದು. ಅಪ್ಪನ ಮಾತೂ ಉಳಿಯಬೇಕು, ಮಗಳ ಮಾತೂ ನಡೆಯಬೇಕು.

ಇಂಥ ಕೆಲಸ ಕಂಡ ಮೇಲೆ ಓಣಿಯ ಹೆಂಗಸರು ಮನೆಯಲ್ಲಿ ಕೂರುವುದುಂಟೇ? ಒಬ್ಬೊಬ್ಬರಾಗಿ ಸೂಜಿ, ಪಿನ್ನು ಹಿಡಿದು ಕಟ್ಟೆಗೆ ಬಂದರು. ಒಬ್ಬಳು ಎತ್ತಿದರೆ ಇನ್ನೊಬ್ಬಳು ಜಗ್ಗಿದಳು. ಎಳೆ ತುಂಡಾದರೆ ಕಾಕಾ ಹಾಯ್ ಅನ್ನುತ್ತಿದ್ದ, ಅವರು ಬೇಕೆಂದೇ ಇನ್ನೊಂದು ತುಂಡು ಮಾಡುತ್ತಿದ್ದರು. ಪ್ರಿಯಾ ಕೂಸಿಗೆ ಹಾಲು ಕುಡಿಸುತ್ತ ಬಾಗಿಲಲ್ಲಿ ಕೂತು ನಕ್ಕಳು. ಚಹಾ ಬಂತು, ಮಂಡಕ್ಕಿ ಮಿರ್ಚಿ ಬಂತು.

"ಲಗ್ನ ಆದಾಗಿಂದ ಇವರು ನೇಯೂದು ನೋಡೇನಿ. ಈಗ ನೋಡ್ರಿ, ಬಿಚ್ಚಾಕ ಹತ್ಯಾರ. ಅಜ್ಜಗ ಅರಿವಿ ಚಿಂತಿ" ಎಂದು ಕಾಕು ಮಿರ್ಚಿ ಹಂಚುತ್ತ ಹೇಳಿದಳು. ಎಣ್ಣೆ ಕೈಯಲ್ಲಿ ಬಟ್ಟೆ ಮುಟ್ಟಬೇಡ ಎಂದು ಕಾಕಾ ಅವಳನ್ನು ಅತ್ತ ಸರಿಸಿದ.

ಸಂಜೆಯ ಹೊತ್ತಿಗೆ ಬಟ್ಟೆಯ ನಡುವೆ ಎಳೆಗಳ ದಾರಿ ಬಿದ್ದಿತ್ತು. ಕಾಕಾ ಬ್ಲೇಡಿನಿಂದ ಬರೀ ಎಳೆಗಳನ್ನು ಕೊಯ್ದ. ಬಟ್ಟೆ ತಾನಾಗಿಯೇ ಎರಡಾಯಿತು. ಓಣಿಯೆಲ್ಲ ಚಪ್ಪಾಳೆ ತಟ್ಟಿತು. ಕಾಕಾ ಅಂದೇ ಮಷಿನ್ ಮುಂದೆ ಕೂತು ಕುಂಚಿಗೆ ಹೊಲಿದು ಮುಗಿಸಿದ. ಕೆಂಪು ಅಂಚು ಹಣೆಗೆ ಬರುವಂತೆ, ಹಸಿರು ನೆರಿಗೆ ಬೆನ್ನ ಮೇಲೆ ಇಳಿಯುವಂತೆ. ನಾನು ಕೈಗೆ ತೆಗೆದುಕೊಂಡು ನೋಡಿದೆ. ಹೊರಗಿನಿಂದ ಕಣ್ಣು ಬೀಳುವಷ್ಟು ಚೆಂದವಿತ್ತು. ಒಳಗೆ ಬೆರಳು ಹಾಕಿದರೆ ಮಡಿಕೆಯೋ ಮಡಿಕೆ. ಹೊಲಿಗೆಯ ಆಚೆ ಉಳಿದ ಬಟ್ಟೆಯನ್ನು ಒಂದು ಕೂದಲಿನಷ್ಟೂ ತೆಗೆದಿರಲಿಲ್ಲ.

"ಒಳಗಿಂದು ಕತ್ತರಸಬೇಕ್ರಿ ಕಾಕಾ. ತಲಿ ಹಿಡಸೂದಿಲ್ಲ."

"ಇರಲಿ ಬಿಡು. ಕೂಸು ಬೆಳದಂಗ ಬಿಚ್ಚಿ ಹಿಗ್ಗಸಾಕ ಬರತೈತಿ."

ಮರುದಿನ ಡೋಣಿಯವರು ಟೆಂಪೋ ತುಂಬ ಬಂದಿಳಿದರು. ಹನಮಂತವ್ವನ ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರ ಬಾಯಿಯಿಂದ ಮೊಲದ ಕಿವಿ ಹೊರಗೆ ಇಣುಕುತ್ತಿತ್ತು. ಕಾಕು ಅದನ್ನು ಕಂಡೂ ಕಾಣದಂತೆ ಕಾಲಿಗೆ ನೀರು ಕೊಟ್ಟಳು. ತೊಟ್ಟಿಲಿಗೆ ಹೂ ಕಟ್ಟಿತ್ತು. ಕೂಸಿನ ಸೋದರತ್ತೆ ಮಮತಾ ಕಿವಿಯಲ್ಲಿ ಹೆಸರು ಹೇಳುವವಳು. ಹೆಸರು ಹೇಳಿದ ಕೂಡಲೇ ರೂಢಿಯಂತೆ ಅವಳ ಬೆನ್ನಿಗೆ ಗುದ್ದಲು ನಮ್ಮ ಹುಡುಗಿಯರು ತೋಳು ಏರಿಸಿ ನಿಂತಿದ್ದರು. ನಾನು ಯಾರದೋ ಜಂಪರಿನ ತೋಳು ಸರಿಮಾಡಿ, ಕತ್ತರಿ ಕೈಯಲ್ಲೇ ಹಿಡಿದು ಓಡಿಬಂದಿದ್ದೆ.

ಪ್ರಿಯಾ ಕೂಸನ್ನು ತೊಡೆಯ ಮೇಲೆ ಇಟ್ಟು, ಕತ್ತಿಗೆ ಕೈ ಕೊಟ್ಟು ಹಿಡಿದಳು. ಕಾಕಾ ಹೊಸ ಧೋತರ ಉಟ್ಟು, ಎರಡೂ ಕೈಯಲ್ಲಿ ಕುಂಚಿಗೆ ಹಿಡಿದು ಬಂದ. ಹನಮಂತವ್ವ ಅದನ್ನು ನೋಡಿ, ಚೀಲದಿಂದ ಇಣುಕುತ್ತಿದ್ದ ಕಿವಿಗಳನ್ನು ಒಳಗೆ ತುರುಕಿದಳು. ಅದನ್ನು ಕಂಡ ಕಾಕುವಿನ ಮುಖ ಕಂದೀಲಿನಂತೆ ಬೆಳಗಿತು.

ಕಾಕಾ ಕೂಸಿನ ತಲೆಗೆ ಕುಂಚಿಗೆ ಇಟ್ಟ. ನೆತ್ತಿಯ ಮೇಲೆ ಕೂತಿತು, ಕೆಳಗೆ ಇಳಿಯಲಿಲ್ಲ. ಮೆಲ್ಲಗೆ ಜಗ್ಗಿದ. ಕೂಸು ತಲೆ ಕೊಡವಿತು. ಇನ್ನೊಂದು ಸಲ ಜಗ್ಗಿದ್ದಕ್ಕೆ ಸರಕ್ಕನೆ ಕಣ್ಣಿನವರೆಗೆ ಇಳಿದು ಸಿಕ್ಕಿಕೊಂಡಿತು. ಒಂದು ಕಿವಿ ಒಳಗೆ ಮಡಚಿಕೊಂಡಿತು. ಕೂಸು ಚಿಟ್ಟನೆ ಚೀರಿತು. ಮೇಲೆ ಎತ್ತಿದರೆ ಒಳಗಿನ ಮಡಿಕೆಗಳು ಹಿಡಿದುಕೊಂಡು ಬಿಡಲೊಲ್ಲವು. ಒಬ್ಬಳು ಎಣ್ಣೆ ಹಚ್ಚು ಅಂದಳು, ಒಬ್ಬಳು ಹೊಲಿಗೆ ಬಿಚ್ಚು ಅಂದಳು. ಅಷ್ಟು ಸಣ್ಣ ಹೊಲಿಗೆ ಬಿಚ್ಚಲು ಯಾರಿಗೆ ಪುರಸೊತ್ತಿತ್ತು. ಕೂಸಿನ ಮುಖ ಕೆಂಪಾಗಿ, ಅಳು ನಡುವೆ ನಿಂತುಬಿಟ್ಟಿತು. ಬಾಯಿ ತೆರೆದಿದೆ, ದನಿ ಇಲ್ಲ.

"ಕೊಡ ಇಲ್ಲೆ" ಎಂದು ಕಾಕಾ ನನ್ನ ಕೈಯಿಂದ ಕತ್ತರಿ ಕಸಿದುಕೊಂಡ. ಕುಂಚಿಗೆಗೂ ಕೂಸಿನ ತಲೆಗೂ ನಡುವೆ ತನ್ನ ಎರಡು ಬೆರಳು ತೂರಿಸಿ, ಹಿಂದಿನಿಂದ ನೆತ್ತಿಯವರೆಗೆ ಮಡಿಕೆ, ಪದರ, ನೇಯ್ಗೆ ಎಲ್ಲವನ್ನೂ ಕರಕರನೆ ಕತ್ತರಿಸಿದ.

ಕುಂಚಿಗೆ ಸಡಿಲಾಯಿತು. ಕೂಸು ಉಸಿರೆಳೆದುಕೊಂಡು ಒಮ್ಮೆ ಜೋರಾಗಿ ಅತ್ತು, ಬಿಕ್ಕಿ, ಸುಮ್ಮನಾಯಿತು. ಕಾಕು ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಕಾಕಾನಿಗೆ ಇದ್ಯಾವುದರ ಖಬರೂ ಇರಲಿಲ್ಲ, ಅವನು ಕೂಸಿನ ಕೆಂಪಾದ ಕಿವಿಗೆ ಉಫ್ ಉಫ್ ಎಂದು ಊದುತ್ತಿದ್ದ.

"ಬೀಗರ, ಹಿಂದ ಒಂದು ಕಸಿ ದಾರ ಹಚ್ಚಿದ್ರ ಕಟ್ಟಾಕ ಬರತೈತಿ. ಗಾಳಿಗೆ ಇದ ಛಲೋ" ಎಂದು ಹನಮಂತವ್ವನೇ ಮೊದಲು ಬಾಯಿಬಿಟ್ಟಳು. ಮಮತಾ ಹೆಸರು ಹೇಳಿದಳು, ಶೃತಿ ಅಂತ. ನಮ್ಮ ಹುಡುಗಿಯರು ಗುದ್ದಿದ ಗುದ್ದಿಗೆ ಅವಳು ಗೋಡೆ ಹಿಡಿದುಕೊಂಡಳು. ಮತ್ತೆ ನಗೆ ಎದ್ದಿತು, ಹೋಳಿಗೆ ಬಡಿಸಿದರು.

ಊಟವಾದ ಮೇಲೆ ನೋಡಿದರೆ ಕಾಕಾ ಒಬ್ಬನೇ ತೊಟ್ಟಿಲ ಹತ್ತಿರ ಕೂತಿದ್ದ. ಕೂಸು ಕುಂಚಿಗೆಯಲ್ಲೇ ನಿದ್ದೆ ಹೋಗಿತ್ತು. ಕತ್ತರಿಸಿದ ಕಡೆ ಎಳೆಗಳು ಬಿಚ್ಚಿಕೊಂಡು ಹೊರಗೆ ಬಂದಿದ್ದವು. ಅವನ್ನು ಬೆರಳಿನಿಂದ ಸವರುತ್ತಿದ್ದ. ಅಲ್ಲೇ ಬಿದ್ದಿದ್ದ ನನ್ನ ಕತ್ತರಿ ಎತ್ತಿಕೊಂಡೆ. ಏನಾದರೂ ಸಮಾಧಾನ ಹೇಳಬೇಕೆಂದು ಹತ್ತಿರ ಹೋಗಿ ಕೂತೆ.

ಕಾಕಾ ತಲೆ ಎತ್ತಲಿಲ್ಲ. "ಇನ್ನೊಂದಿಷ್ಟು ಕತ್ತರಸಬೇಕಾಗಿತ್ತು ಕಾವೇರಿ. ಇಲ್ಲೆ ಇನ್ನೂ ಕಿವಿಗೆ ಹತ್ತತೈತಿ, ನೋಡು" ಎಂದು ನನ್ನ ಕಡೆ ಕೈ ಚಾಚಿದ.

ನಾನು ಕತ್ತರಿ ಕೊಟ್ಟೆ.