ಹಲ್ಲು ಕಟ್ಟಿಸಿದ ಮೇಲೆ ಫೈಫ್

ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಕೋಲಾರದ ನಮ್ಮ ಮನೆಯ ತಾರಸಿ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಲಕ್ಕೂರಿನಿಂದ ಬಸ್ಸಿನಲ್ಲಿ ಬಂದ ಹಳೆಯ ಗೆಳೆಯ. ಪೊಲೀಸ್ ಬ್ಯಾಂಡಿನಲ್ಲಿ ಅವನದು ಡ್ರಮ್ಮು, ನನ್ನದು ಫೈಫ್.

ಫೈಫ್ ಎಂದರೆ ಆರು ತೂತಿನ ಗಿಡ್ಡ ಅಡ್ಡಕೊಳಲು. ಡ್ರಮ್ಮಿನ ಸದ್ದನ್ನು ಸೀಳಿಕೊಂಡು ಬರುವಷ್ಟು ಕೀರಲು. ಜರ್ಮನರು ಊದುಕೊಳವೆಗೆ ಹೇಳುವ ಮಾತಿನಿಂದ ಈ ಹೆಸರು ಬಂತು, ಅದರ ಮೂಲ ಲ್ಯಾಟಿನ್ನಿನಲ್ಲಿ ಮರಿಹಕ್ಕಿಯ ಕೂಗು ಎಂದು ನಮ್ಮ ಬ್ಯಾಂಡ್ ಮಾಸ್ಟರು ಹೇಳುತ್ತಿದ್ದರು. ಆಂಧ್ರದ ಗಡಿಯ ರಾಯಲ್ಪಾಡಿನ ಕಡೆಯವಳಾದ ನನ್ನ ಹೆಂಡತಿ ಇದೊಂದೂ ತಿಳಿಯದೆ, ಮದುವೆಯಾದ ಹೊಸದರಲ್ಲೇ ಅದಕ್ಕೆ ತೆಲುಗಿನಲ್ಲಿ ‘ಕೋಡಿಪಿಲ್ಲ’ ಎಂದು ಹೆಸರಿಟ್ಟಿದ್ದಳು. ಕೋಳಿಮರಿ.

ಈ ಸಲದ ಧ್ವಜಾರೋಹಣಕ್ಕೆ ನಿವೃತ್ತರೇ ಸೇರಿ ನುಡಿಸುವುದೆಂದು ಮಾತಾಗಿತ್ತು. ಮುಂದಿನ ಸಾಲಿನ ಫೈಫ್ ನನ್ನದು. ನನ್ನಿಂದ ಆಗದಿದ್ದರೆ ಆ ಜಾಗ ಶ್ರೀನಿವಾಸಪುರದ ಇನ್ನೊಬ್ಬನಿಗೆ. ಅದಕ್ಕೇ ದಿನವೂ ಬೆಳಿಗ್ಗೆ ಅಭ್ಯಾಸ ಮಾಡಿದ್ದೆ.

ಗೆಳೆಯ ಸ್ಟೂಲಿನ ಮೇಲೆ ಕಡ್ಡಿ ಆಡಿಸಿದ. ನಾನು ಊದಿದೆ. ಬರೀ ಗಾಳಿ. ಇನ್ನೊಮ್ಮೆ ಊದಿದರೂ ಗಾಳಿಯೇ.

“ಏನ್ಲಾ, ಟೈರ್ ಪಂಚರ್ ಆದಂಗದೆ!”

“ನೆನ್ನೆ ಚೆನ್ನಾಗೇ ಬಂತು ಕಣೋ.”

ಕಾಫಿ ತಂದ ಹೆಂಡತಿ ಕೇಳಿದಳು: “ನೆನ್ನೆ ಊದುವಾಗ ಬಾಯಲ್ಲಿ ಹಲ್ಲಿತ್ತೇನ್ರೀ?”

ಇರಲಿಲ್ಲ. ತಿಂಡಿಗೆ ಮೊದಲು ಅಭ್ಯಾಸ, ಅದು ಸರ್ವೀಸಿನಲ್ಲಿ ಕಲಿತ ಕ್ರಮ. ರಾತ್ರಿ ನೀರಿನಲ್ಲಿಟ್ಟ ಹಲ್ಲಿನ ಸೆಟ್ಟನ್ನು ತಿಂಡಿಯ ಹೊತ್ತಿಗೆ ಹಾಕಿಕೊಳ್ಳುವುದು, ಇದು ಈಚಿನ ಕ್ರಮ. ಎರಡನ್ನೂ ತಪ್ಪಿಸಿದವನಲ್ಲ. ತುಟಿ ಬೋಳು ವಸಡಿಗೆ ಒಗ್ಗಿಹೋಗಿತ್ತು.

ಹಲ್ಲು ತೆಗೆದು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟೆ. ಮೊದಲ ಸುತ್ತು ಸ್ವಚ್ಛವಾಗಿ ಬಂತು.

“ಲೇ, ಹಲ್ಲಿದ್ದಾಗ್ಲೂ ನೀನು ಇಷ್ಟು ಚೆನ್ನಾಗಿ ಊದಿರ್ಲಿಲ್ಲ!”

ಎರಡನೆಯ ಸುತ್ತಿನ ಅರ್ಧಕ್ಕೇ ಉಸಿರು ಮುಗಿಯಿತು. ತಾರಸಿಯ ಗೋಡೆ ಹಿಡಿದು ನಿಂತೆ. ಇದು ಹಲ್ಲಿನ ತೊಂದರೆಯಲ್ಲ; ಅಭ್ಯಾಸದಲ್ಲಿ ದಿನವೂ ಒಂದೇ ಸುತ್ತು ಊದಿ ನಿಲ್ಲಿಸುತ್ತಿದ್ದೆ. ಗೆಳೆಯ ಕಡ್ಡಿಗಳನ್ನು ಕೆಳಗಿಟ್ಟ.

“ಶ್ರೀನಿವಾಸಪುರದವನಿಗೆ ನಾನು ಫೋನ್ ಮಾಡ್ಲಾ?” ಎಂದ.

“ಬೇಡ, ನಾನೇ ಮಾಡ್ತೀನಿ.”

“ಮತ್ತೆ ಆವತ್ತು ನೀನು?”

“ಹಿಂದಿನ ಸಾಲಲ್ಲಿ ನಿಂತ್ಕೋತೀನಿ. ಮೊದಲ್ನೇ ಸುತ್ತು ಊದಿ, ಆಮೇಲೆ ಸುಮ್ನೆ ನಡೀತೀನಿ.”

“ಹಲ್ಲು?”

“ಜೇಬಲ್ಲಿರ್ತದೆ.”

ಫೋನಿನಲ್ಲಿ ಮಾತು ಸ್ಪಷ್ಟವಾಗಿರಬೇಕಲ್ಲ, ಮತ್ತೆ ಹಲ್ಲು ಹಾಕಿಕೊಂಡೆ. ಆ ಕಡೆಯವನು “ಆಗ್ಲಿ ಅಣ್ಣ” ಎಂದಷ್ಟೇ ಹೇಳಿದ. ಅವನ ದನಿಯಲ್ಲಿ ಖುಷಿ ಇತ್ತು. ಇರಬೇಕಾದದ್ದೇ.

ಊಟದ ನಂತರ ಗೆಳೆಯನನ್ನು ಬಸ್ಸು ಹತ್ತಿಸಿ ಬಂದು ಮಲಗಿದವನು ಸಂಜೆಯವರೆಗೂ ಏಳಲಿಲ್ಲ. ಎದ್ದ ಮೇಲೆ ಫೈಫಿನ ಒಳಗನ್ನು ಬಟ್ಟೆಯಿಂದ ಒರೆಸಿ, ಎಣ್ಣೆ ಸವರಿ, ಸುತ್ತಿಟ್ಟೆ. ರಾತ್ರಿ ಊಟವಾದ ಮೇಲೆ ಹಲ್ಲನ್ನು ನೀರಿಗೆ ಹಾಕಿದೆ.