ನೀಲಕ್ಕ ಕುಡಿಸದ ನೀರು

ನೀಲಕ್ಕ ಆ ದಿನ ಕುದುರೆಗೆ ನೀರು ಕುಡಿಸಿರಲಿಲ್ಲ. ಆ ಕುದುರೆ, ಚಾಂದನಿ, ಓಟದಲ್ಲಿ ಸೋತದ್ದು ಹೊಟ್ಟೆ ಭಾರವಾಗಿ ಅಲ್ಲ. ಲಗಾಮು ಹಿಡಿದು ಗಾಡಿಯ ಮೇಲೆ ಕುಳಿತಿದ್ದ ನಾನು ಅದನ್ನು ಸೋಲಿಸಿದೆ. ಬೇಕೆಂದೇ ಸೋಲಿಸಿದೆ. ಆಮೇಲೆ ಆ ತಪ್ಪನ್ನು, ನನಗೆ ಎರಡು ಹೊತ್ತು ಊಟ ಹಾಕುತ್ತಿದ್ದ ಹೆಂಗಸಿನ ತಲೆಗೆ ಕಟ್ಟಿದೆ.

ಇದನ್ನು ಹೀಗೆ ಮೊದಲಿಗೇ ಬರೆದುಬಿಟ್ಟೆ. ಸುತ್ತಿ ಬಳಸಿ ಹೇಳುತ್ತ ಹೋದರೆ ನಡುವೆ ಎಲ್ಲಾದರೂ ನನ್ನ ಪರವಾಗಿ ಒಂದು ಮಾತು ನುಸುಳುತ್ತದೆ — ನನ್ನ ಸ್ವಭಾವ ನನಗೆ ಗೊತ್ತು.

ನನ್ನ ಹೆಸರು ಮಾಬುಸಾಬ. ಈಗ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಸರಕಿನ ಮೋಟಾರುಗಾಡಿ ಓಡಿಸುತ್ತೇನೆ. ನನ್ನ ತಂದೆ ಕೊಪ್ಪಳ ಸ್ಟೇಶನ್ನಿನ ಮುಂದೆ ಟಾಂಗಾ ಹೊಡೆಯುತ್ತಿದ್ದ. ಆಟೋಗಳು ಬಂದು ಟಾಂಗಾ ನಿಂತಮೇಲೆ ಆತನ ಕಸುಬಿನಲ್ಲಿ ನನಗೆ ಉಳಿದದ್ದು ಲಗಾಮು ಹಿಡಿಯುವ ಕೈ ಒಂದೇ. ಆ ಕೈಯನ್ನು ನಂಬಿ ನನ್ನನ್ನು ತನ್ನೂರು ಬೇವೂರಿಗೆ ಕರೆದುಕೊಂಡು ಹೋದವನು ಶರಣಪ್ಪಣ್ಣ. ಹೊಲ, ಟ್ರ್ಯಾಕ್ಟರು ಎಲ್ಲ ಇದ್ದವನು. ಕುದುರೆಗಾಡಿ ಶರ್ಯತ್ತಿನ ಹುಚ್ಚು ಹಿಡಿಸಿಕೊಂಡಿದ್ದ.

ಆತ ಮಿರಜ ಕಡೆಯಿಂದ ಒಂದು ಹೆಣ್ಣುಕುದುರೆ ತಂದಿದ್ದ. ಅದೇ ಚಾಂದನಿ. ಆ ಕಡೆಯ ದೊಡ್ಡ ಶರ್ಯತ್ತುಗಳಲ್ಲಿ ಅದಕ್ಕೆ ಹೆಸರೇನೂ ಇರಲಿಲ್ಲ. ನಾಲ್ಕನೆಯದೋ ಐದನೆಯದೋ ಬಂದು, ಗುಂಪಿನಲ್ಲಿ ಮರೆತುಹೋಗುವ ಕುದುರೆ. ಆದರೆ ಅಲ್ಲಿ ಐದನೆಯದಾಗಿ ಬರುವ ಕುದುರೆಯನ್ನು ಯಲಬುರ್ಗಾ, ಕುಷ್ಟಗಿ ಕಡೆಯ ಶರ್ಯತ್ತಿಗೆ ತಂದು ಬಿಟ್ಟರೆ ಏನಾಗುತ್ತದೆ? ಇಲ್ಲಿ ಓಡುತ್ತಿದ್ದವು ವಾರವೆಲ್ಲ ಸರಕು ಎಳೆದು ಹಬ್ಬಕ್ಕೊಮ್ಮೆ ಮೈ ತೊಳೆಸಿಕೊಳ್ಳುವ ಕುದುರೆಗಳು. ಚಾಂದನಿ ಅವುಗಳ ನಡುವೆ ಬೇರೆಯದೇ ಜಾತಿಯ ಪ್ರಾಣಿಯಂತೆ ಹಾರಿ ಹೋಗುತ್ತಿತ್ತು. ಜನ ಕಣ್ಣುಮುಚ್ಚಿ ಅದರ ಮೇಲೆ ಬಾಜಿ ಕಟ್ಟತೊಡಗಿದರು. ಬೇವೂರಿನವರಂತೂ — ಅದು ತಮ್ಮೂರಲ್ಲೇ ಹುಟ್ಟಿದ ಕುದುರೆ ಎಂಬಂತೆ.

ಅದನ್ನು ಸಾಕಿದವಳು ನೀಲಕ್ಕ, ಶರಣಪ್ಪಣ್ಣನ ಹೆಂಡತಿ. ಚಾಂದನಿ ಎನ್ನಲು ಬಾಯಿ ತಿರುಗದೆ ಆಕೆ ಅದನ್ನು ‘ಚಂದ್ರಿ’ ಎನ್ನುತ್ತಿದ್ದಳು. ಹುರುಳಿ ಬೇಯಿಸುವುದು, ಮೈ ತಿಕ್ಕುವುದು, ಕೊಟ್ಟಿಗೆಯ ಕಲ್ಲಿನ ಬಾನಿಗೆ ನೀರು ತುಂಬುವುದು ಎಲ್ಲ ಆಕೆಯ ಕೆಲಸ. ನಾನು ಆ ಮನೆಯ ಪಡಸಾಲೆಯಲ್ಲಿ ಮಲಗುತ್ತಿದ್ದೆ. ಆಕೆಗೆ ತಮ್ಮಂದಿರಿರಲಿಲ್ಲ. ರೊಟ್ಟಿಯ ಮೇಲೆ ಬೆಣ್ಣೆ ಇಡುವಾಗ ಆಕೆಯ ಕೈ ನನ್ನ ತಾಟಿನ ಮೇಲೆ ಒಂದು ಕ್ಷಣ ಹೆಚ್ಚು ನಿಲ್ಲುತ್ತಿತ್ತು. ಇದನ್ನು ನಾನು ಆಗಲೂ ಗಮನಿಸಿದ್ದೆ. ಗಮನಿಸಿರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ.

ಹಾಗಿದ್ದರೆ ಯಾಕೆ ಮಾಡಿದೆ? ಒಂದು ಶರ್ಯತ್ತು ಗೆದ್ದ ದಿನ ಶರಣಪ್ಪಣ್ಣನ ಕೊರಳಿಗೆ ಹಾರ ಬಿದ್ದಿತ್ತು. ಯಾರೋ ನನ್ನ ಕಡೆ ಕೈಮಾಡಿ, ‘ಹುಡುಗ ಛಲೋ ಹೊಡದಾನ’ ಎಂದರು. ಆತ ನಕ್ಕು, ‘ಇವ ಏನ್ ಹೊಡೀತಾನ? ಕುದುರಿ ಓಡ್ತು, ಇವ ಮ್ಯಾಲ ಕುಂತಿದ್ದ ಅಷ್ಟ’ ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನನ್ನೊಳಗೆ ಹುಳಿಯಾಗುತ್ತ ಹೋಯಿತು. ಕಾರಣ ಇಷ್ಟೇ. ಇಷ್ಟು ಸಣ್ಣದು.

ಗಂಗಾವತಿಯಿಂದ ಜನ ಕಟ್ಟುವ ಬಾಜಿಯ ಹಣ ಹಿಡಿಯುವವನೊಬ್ಬ ಬರುತ್ತಿದ್ದ, ವೆಂಕೋಬ ಅಂತ. ಒಂದು ದಿನ ಚಹಾ ಕುಡಿಸಿ ಹೇಳಿದ: ‘ನೋಡಪಾ, ಎಲ್ಲಾರೂ ನಿಮ್ಮ ಕುದುರಿ ಮ್ಯಾಲನ ಕಟ್ಟತಾರ. ಅದು ಗೆದ್ರ ನನಗ ಏನೂ ಉಳಿಯಂಗಿಲ್ಲ. ಒಂದ ಸಲ ಸೋಲ್ಲಿ. ಕುದುರಿಗೆ ಏನೂ ಆಗಂಗಿಲ್ಲ, ನೀ ಲಗಾಮು ಒಂದೀಟು ಬಿಗಿ ಹಿಡಿ. ಮ್ಯಾಲ ಕುಂತಾಂವ ಏನ್ ಮಾಡಬಲ್ಲ ಅಂತ ಅವಗೂ ಗೊತ್ತಾಗಲಿ.’

ಆ ಕೊನೆಯ ಮಾತನ್ನು ಆತ ತಿಳಿದೇ ಆಡಿದನೋ ಏನೋ. ನಾನು ಒಪ್ಪಿದೆ. ಆತ ಕೊಟ್ಟದ್ದನ್ನು ತೆಗೆದುಕೊಂಡೆ ಕೂಡ.

ಕುಷ್ಟಗಿ ಕಡೆಯ ಆ ಶರ್ಯತ್ತು ನನಗೆ ಇವತ್ತಿಗೂ ಕೈಯಲ್ಲಿ ನೆನಪಿದೆ. ತಲೆಯಲ್ಲಲ್ಲ, ಕೈಯಲ್ಲಿ. ಎರಡೂ ಬದಿಗೆ ಮೋಟಾರ್‌ಸೈಕಲ್ಲುಗಳು ಕೂಗುತ್ತ, ಹಾರ್ನ್ ಹೊಡೆಯುತ್ತ ಬರುತ್ತಿದ್ದವು. ಚಾಂದನಿ ಮುಂದಕ್ಕೆ ಎಳೆಯುತ್ತಿತ್ತು, ನಾನು ಹಿಂದಕ್ಕೆ. ಬಾಯಿಂದ ‘ಹೋ, ಹೋ’ ಎಂದು ಹುರಿದುಂಬಿಸುತ್ತ, ಬೆರಳಿನಿಂದ ತಡೆಯುತ್ತಿದ್ದೆ. ಅದು ಒಮ್ಮೆ ಕಿವಿ ಹಿಂದೆ ತಿರುಗಿಸಿತು — ಏನು ಬೇಕು ನಿನಗೆ ಎಂದು ಕೇಳುವಂತೆ. ಮೂರನೆಯದಾಗಿ ಬಂದೆವು.

ಶರಣಪ್ಪಣ್ಣ ಓಡಿ ಬಂದ. ಅವನ ಹಿಂದೆ ಬಾಜಿ ಕಟ್ಟಿ ಕಳೆದುಕೊಂಡಿದ್ದ ಬೇವೂರಿನವರೆಲ್ಲ. ‘ಏನಾತೋ ಮಾಬು? ಏನಾತು ಇದಕ್ಕ?’

ಏನು ಹೇಳಬೇಕೆಂದು ನಾನು ಮೊದಲೇ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: ‘ಹೊಟ್ಟಿ ಭಾರ ಇತ್ತಣ್ಣಾ. ಯಾರೋ ನೀರು ಕುಡಿಸಿದಂಗ ಕಾಣ್ತೈತಿ.’

ಯಾರೋ ಎಂದೆ. ಶರ್ಯತ್ತಿನ ಹಿಂದಿನ ರಾತ್ರಿ ಒಂದಿಷ್ಟು ಕುಡಿಸಿದ ಮೇಲೆ ಓಟ ಮುಗಿಯುವವರೆಗೆ ನೀರಿಲ್ಲ ಎಂಬುದು ಆ ಮನೆಯ ಕಟ್ಟಳೆ. ಆ ಮನೆಯಲ್ಲಿ ಕುದುರೆಗೆ ನೀರು ತೋರಿಸುವ ‘ಯಾರೋ’ ಒಬ್ಬಳೇ ಇದ್ದಳು. ನನಗೆ ಅದು ಗೊತ್ತಿರಲಿಲ್ಲವೇ?

ಬೇವೂರಿಗೆ ಬಂದಮೇಲೆ ಮನೆ ಮುಂದೆ ಜನ ಕೂಡಿದರು. ‘ಒಂದ ಹನಿ ಕೊಟ್ಟಿಲ್ರಿ,’ ಎಂದಳು ನೀಲಕ್ಕ. ಗಂಡ ನಂಬಲಿಲ್ಲ. ಊರಿನವರು ಬಾಯಿಗೆ ಬಂದದ್ದು ಅಂದರು. ಹೋಟೆಲಿನ ಸಂಗಪ್ಪನ ದನಿ ಎಲ್ಲರಿಗಿಂತ ಮೇಲಿತ್ತು: ‘ಮನಿ ಹೆಣ್ಣಮಗಳಿಗೆ ಇಷ್ಟೂ ಖಬರ್ ಬ್ಯಾಡೇನು?’ ಆಗ ಆಕೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಗಾಬರಿ ಇರಲಿಲ್ಲ. ನಾನಿದ್ದೇನಲ್ಲ ಎಂಬ ಧೈರ್ಯವಿತ್ತು. ‘ಮಾಬು, ನೀನ ಹೇಳೋ ಯಪ್ಪಾ. ಮುಂಜಾನಿ ನೀ ಇಲ್ಲೇ ಇದ್ದೆಲ್ಲ?’

ನಾನು ಅಲ್ಲೇ ಇದ್ದೆ. ಬಕೀಟು ಬೋರಲು ಬಿದ್ದದ್ದನ್ನೂ ಬಾನಿ ಒಣಗಿದ್ದನ್ನೂ ಕಣ್ಣಾರೆ ನೋಡಿದ್ದೆ.

‘ನಾ ಸಾಮಾನು ಕಟ್ಟಾಕತ್ತಿದ್ದೆ ಯಕ್ಕಾ,’ ಎಂದೆ. ‘ನೋಡಿಲ್ಲ.’

ಮೊದಲನೆಯ ಸುಳ್ಳನ್ನು ಹೆದರಿ ಹೇಳಿದೆ ಎನ್ನಬಹುದೇನೋ. ಆದರೆ ಈ ಎರಡನೆಯದು — ಇದನ್ನು ನಾನು ಆಕೆಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದೆ.

ಇಷ್ಟಕ್ಕೇ ಮುಗಿದಿದ್ದರೆ... ಮುಗಿಯಲಿಲ್ಲ.

ಮುಂದಿನ ಶರ್ಯತ್ತು ಯಲಬುರ್ಗಾದ ಹತ್ತಿರ, ಬಿರುಬೇಸಿಗೆಯಲ್ಲಿ. ಶರಣಪ್ಪಣ್ಣ ಈ ಸಲ ಯಾರನ್ನೂ ನಂಬಲಿಲ್ಲ. ಹಿಂದಿನ ದಿನ ಬೆಳಿಗ್ಗೆಯೇ ಬಾನಿ ಬರಿದು ಮಾಡಿ, ಕೊಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಮರುದಿನ ಕುದುರೆಯನ್ನು ಹೊರಗೆ ತರಲು ಹೋದಾಗ ಅದು ಗೋಡೆಯ ತಂಪನ್ನು ನೆಕ್ಕುತ್ತಿತ್ತು. ನೀಲಕ್ಕ ಒಳಗಿನಿಂದ ತುಂಬಿದ ಕೊಡ ಹಿಡಿದು ಬಂದಳು.

‘ಬಾಯಿ ಒಣಗೇತ್ರಿ ಅದರದು. ಬಿಸಿಲಾರ ನೋಡ್ರಿ. ಒಂದೀಟು ನಾಲಿಗಿ ತೊಯ್ಯಲಿ.’

‘ಒಮ್ಮೆ ಕುಡಿಸಿ ಊರಾಗ ಮಾನ ಕಳದೀ. ಸಾಲಲಿಲ್ಲೇನು?’ ಎಂದು ಆತ ಕೊಡಕ್ಕೆ ಕೈ ಬೀಸಿದ. ಕೊಡ ಉರುಳಿತು. ಚಾಂದನಿ ಹಗ್ಗ ಜಗ್ಗಿ, ಮಣ್ಣಿನಲ್ಲಿ ಇಂಗುತ್ತಿದ್ದ ನೀರಿಗೆ ಮೂತಿ ಹಚ್ಚಿತು. ಅಲ್ಲಿಂದಲೂ ಅದನ್ನು ಹಿಂದಕ್ಕೆ ಎಳೆದೆವು. ಎಳೆದವನು ನಾನು.

ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ‘ಅಣ್ಣಾ, ಅವತ್ತು ನೀರಿನಿಂದ ಸೋತಿಲ್ಲ.’ ನೀಲಕ್ಕ ನನ್ನನ್ನು ನೋಡುತ್ತಿದ್ದಳು. ನಾನು ಬಗ್ಗಿ ಕುದುರೆಯ ಪಟ್ಟಿಯ ಬಕಲು ಬಿಗಿ ಮಾಡುತ್ತಿದ್ದೆ. ಆಗಲೇ ಬಿಗಿಯಾಗಿದ್ದ ಬಕಲನ್ನು.

ಆ ದಿನ ನಾನು ಗೆಲ್ಲಲೆಂದೇ ಹೊಡೆದೆ. ಗೆದ್ದರೆ ಎಲ್ಲರೂ ಹಿಂದಿನದನ್ನು ಮರೆಯುತ್ತಾರೆ, ನಾನೂ ಮರೆಯುತ್ತೇನೆ — ಹಾಗೆಂದುಕೊಂಡು ಹೊಡೆದೆ. ಚಾಂದನಿ ಕೇಳಿದ್ದನ್ನೆಲ್ಲ ಕೊಟ್ಟಿತು. ಮೊದಲನೆಯದಾಗಿ ಬಂದಿತು. ಅದು ಗೆದ್ದದ್ದೇ ನೀಲಕ್ಕನಿಗೆ ಕೇಡಾಯಿತು. ‘ನೋಡ್ರೆಲೇ, ನೀರು ಬಿಡಸಿದ್ರ ಹೆಂಗ ಓಡೇತಿ’ ಎಂದು ಜನ ಕುಣಿದರು. ನನ್ನ ಸುಳ್ಳು ಹತ್ತೂರಿನವರ ಕಣ್ಣೆದುರಿಗೆ ನಿಜವಾಗಿಬಿಟ್ಟಿತು. ಶರಣಪ್ಪಣ್ಣನ ಕೊರಳಿಗೆ ಹಾರ ಹಾಕುತ್ತಿದ್ದಾಗ ಕುದುರೆಯ ಮೈಮೇಲಿನ ಬೆವರು ನಿಂತಿತ್ತು. ಕಾಲುಗಳು ನಡುಗುತ್ತಿದ್ದವು. ಗಾಡಿ ಬಿಚ್ಚುವುದರೊಳಗೆ ಮಂಡಿಯೂರಿ ಬಿತ್ತು. ಆಮೇಲೆ ಎಲ್ಲರೂ ಕೊಡಗಟ್ಟಲೆ ನೀರು ಹೊತ್ತು ತಂದರು, ತಲೆಗೆ ಸುರಿದರು, ಬಾಯಿಗೆ ಬಿಟ್ಟರು. ಅದು ನುಂಗಲಿಲ್ಲ. ಸಂಜೆಯಾಗುವ ಮೊದಲೇ ಸತ್ತುಹೋಯಿತು.

ಶರಣಪ್ಪಣ್ಣ ಮತ್ತೆ ಕುದುರೆ ಕಟ್ಟಲಿಲ್ಲ. ಆಕೆ ಅವತ್ತು ನೀರು ಕುಡಿಸದಿದ್ದರೆ ತಾನು ಬೀಗ ಹಾಕುತ್ತಿರಲಿಲ್ಲ, ಕುದುರೆ ಉಳಿಯುತ್ತಿತ್ತು ಎಂಬುದು ಆತನ ಲೆಕ್ಕ. ಹೆಂಡತಿಯನ್ನು ಬಡಿಯಲಿಲ್ಲ, ಮನೆ ಬಿಡಿಸಲಿಲ್ಲ. ಆದರೆ ಅಂದಿನಿಂದ ಆಕೆಯ ಕೈಯಿಂದ ನೀರು ಇಸಿದುಕೊಳ್ಳುವುದನ್ನು ಬಿಟ್ಟ. ಊಟಕ್ಕೆ ಕುಳಿತವನು ನಡುವೆ ಎದ್ದು ಹೋಗಿ ತಾನೇ ತಂಬಿಗೆ ತುಂಬಿಕೊಂಡು ಬರುತ್ತಿದ್ದ. ಆಕೆ ತಂಬಿಗೆ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ನಿಂತಿರುತ್ತಿದ್ದಳು. ಒಂದು ವಾರ ಅದನ್ನು ನೋಡಿದೆ. ಆಮೇಲೆ ನೋಡಲಾಗದೆ ಭಾಗ್ಯನಗರಕ್ಕೆ ಬಂದೆ. ಅಂದರೆ, ಹೇಳಲಾಗದೆ ಓಡಿ ಬಂದೆ. ಓಡಿ ಬಂದವನು ಮದುವೆಯಾದೆ, ಗಾಡಿ ಕೊಂಡೆ, ನಗುತ್ತಲೂ ಇದ್ದೆ. ಹನ್ನೆರಡು ವರ್ಷ. ಅವರ ಮನೆಯಲ್ಲಿ ಅದು ಹಾಗೇ ನಡೆದಿತ್ತಂತೆ — ಆತ ತಾನೇ ತಂಬಿಗೆ ತುಂಬಿಕೊಳ್ಳುವುದು.

ಕಳೆದ ಚಳಿಗಾಲದಲ್ಲಿ ಶರಣಪ್ಪಣ್ಣ ತೀರಿಕೊಂಡ. ಮನೆಯವರನ್ನು ಮಾತಾಡಿಸಲು ಹೋದೆ. ನೀಲಕ್ಕ ನನ್ನ ಕೈ ಹಿಡಿದುಕೊಂಡು, ಬೇರೆಯವರಿಗೆ ಕೇಳದಂತೆ ಹೇಳಿದಳು:

‘ಮಾಬು, ನಾ ಅವತ್ತು ನೀರು ಕುಡಿಸಿರಬೇಕು ಅನಸ್ತೈತೋ. ನೆನಪಿಲ್ಲ. ಅದರ ಮಾರಿ ನೋಡಿ ಕರುಳು ತಡೀಲಾರದ ಕುಡಿಸಿರಬೇಕು. ಮ್ಯಾಲ ಇಲ್ಲ ಅಂತ ಅವರ ಮುಂದ ಸುಳ್ಳು ಬ್ಯಾರೆ ಹೇಳಿದೆ. ಅವರ ಮನಸು ಮುರದಿದ್ದು ಅದಕ್ಕ.’

ಒಬ್ಬ ಹೆಣ್ಣುಮಗಳು ತಾನು ಮಾಡದ ತಪ್ಪನ್ನು ಕೇಳಿಕೇಳಿ ತನ್ನದೇ ಎಂದು ನಂಬಿಬಿಟ್ಟಿದ್ದಳು. ತನ್ನ ಕೈ, ತನ್ನ ನೆನಪು — ಎರಡನ್ನೂ ನಂಬದವಳಾಗಿದ್ದಳು. ನಾನೇನು ಮಾಡಿದೆ? ‘ಆಗಿದ್ದು ಆಗಿಹೋತು ಬಿಡ ಯಕ್ಕಾ’ ಎಂದೆ. ಅವತ್ತೂ ಹೇಳಲಿಲ್ಲ. ಸಾವಿನ ಮನೆಯಲ್ಲಿ ಬೇಡವೆಂದು ಸುಮ್ಮನಾದೆ ಎನ್ನಲೇ? ಇಲ್ಲ. ಸುಮ್ಮನಿರುವುದು ನನಗೆ ರೂಢಿಯಾಗಿತ್ತು, ಅಷ್ಟೇ.

ಆಮೇಲೆ ಆಕೆ ಕುಕನೂರಿನ ಅಕ್ಕನ ಮನೆಗೆ ಹೋದಳು. ಇಬ್ಬರೂ ಕಡಕ್ ರೊಟ್ಟಿ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ಹೋದ ತಿಂಗಳು ಅಲ್ಲಿಗೆ ಹೋದೆ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ‘ಬಾರೋ, ಉಂಡು ಹೋಗುವಂತಿ’ ಎಂದಳು. ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ — ವೆಂಕೋಬ, ಲಗಾಮು, ಬೋರಲು ಬಿದ್ದ ಬಕೀಟು, ಎಲ್ಲ.

ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ ಒಳಗಿನ ಕಡೆ ತಿರುಗಿ ಕೂಗಿದಳು: ‘ಯಕ್ಕಾ, ಇಲ್ಲಿ ಬಾ. ಕೇಳಿಲ್ಲಿ. ನಾ ಕುಡಿಸಿದ್ದಿಲ್ಲಂತ! ನಾ ಕುಡಿಸಿದ್ದಿಲ್ಲ!’

ಆ ದನಿಯಲ್ಲಿದ್ದದ್ದು ಸಂತೋಷವೇ. ಬೈದಿದ್ದರೆ, ಮುಖಕ್ಕೆ ಉಗುಳಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆಯದೇ ಆಗಿದ್ದ ಸತ್ಯವನ್ನು ನಾನು ತಿರುಗಿ ಕೊಟ್ಟದ್ದಕ್ಕೆ ಆಕೆ ಅಷ್ಟು ಹಿಗ್ಗಿದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

ಹಿಗ್ಗು ಬೇಗ ಇಳಿಯಿತು. ‘ಅವರು ಹೋಗಿಬಿಟ್ರಲ್ಲೋ,’ ಎಂದಳು. ‘ಇದನ್ನ ಅವರು ಕೇಳಬೇಕಿತ್ತು.’ ಆಕೆ ಮತ್ತೆ ಹಿಟ್ಟು ಕೈಗೆತ್ತಿಕೊಂಡಳು. ಊಟದ ಮಾತು ಮತ್ತೆ ಎತ್ತಲಿಲ್ಲ. ‘ಇಲ್ಲಿ ನಿಂತು ಏನ್ ಮಾಡ್ತಿ? ಬೇವೂರಿಗೆ ಹೋಗು. ಅವತ್ತು ನಮ್ಮ ಬಾಗಿಲ ಮುಂದ ಬಂದು ಅಂದಾಡಿದವರು ಇನ್ನೂ ಅದಾರ. ಅವರಿಗೆ ಹೇಳು.’

ಹೋದೆ. ಸಂಗಪ್ಪನ ಹೋಟೆಲಿನ ಮುಂದೆ ಆ ದಿನ ಬಾಜಿ ಕಳೆದುಕೊಂಡಿದ್ದ ಕೆಲವರು ಕುಳಿತಿದ್ದರು. ನಿಂತು, ದೊಡ್ಡ ದನಿಯಲ್ಲಿ, ಮೊದಲಿಂದ ಕೊನೆಯವರೆಗೆ ಹೇಳಿದೆ. ಒಬ್ಬ ಎದ್ದು ಬಂದು ನನ್ನ ಅಂಗಿ ಹಿಡಿದ. ತಾನೂ ಅವತ್ತು ನೀಲಕ್ಕನ ಬಾಗಿಲಲ್ಲಿ ಕೂಗಾಡಿದ್ದು ನೆನಪಾದವನಂತೆ ಬಿಟ್ಟ. ಉಳಿದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಂಗಪ್ಪ ತೊಳೆದ ಗ್ಲಾಸುಗಳನ್ನೇ ಮತ್ತೆ ತೊಳೆಯುತ್ತಿದ್ದ.

‘ನೀಲವ್ವಗ ಹೇಳಿಯೇನು?’ ಎಂದ, ತಲೆ ಎತ್ತದೆ.

‘ಹೇಳೇನ್ರಿ.’

‘ಮಾಫ್ ಮಾಡಿದ್ಲೇನು?’

‘ನಾ ಕೇಳಿಲ್ರಿ.’

ಆತ ಗ್ಲಾಸು ಕೆಳಗಿಟ್ಟು, ಕೈ ಒರೆಸಿಕೊಂಡು, ಕುಕನೂರಿನ ಬಸ್ಸು ಎಷ್ಟೊತ್ತಿಗೆ ಎಂದು ಅಲ್ಲಿದ್ದವರನ್ನು ಕೇಳಿದ. ನನ್ನ ಗಾಡಿ ಅಲ್ಲೇ ನಿಂತಿತ್ತು. ನಾನು ಬಿಟ್ಟುಬರುತ್ತೇನೆ ಎಂದೆ. ಆತ ಗಾಡಿಯನ್ನು ನೋಡಿದ, ನನ್ನನ್ನೂ ನೋಡಿದ. ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದುಕೊಂಡೇ ಹೋದ.